ಕುಟುಂಬ ನಿರ್ವಹಣೆ

ಜೇನು ಸಾಕಲು ಮೂರು ದಿನ ತರಬೇತಿ ಕೊಟ್ಟರು ಭಾಗಮಂಡಲದಲ್ಲಿ,
ಊಟ, ವಸತಿ, ಹೋಗಿಬರುವ ಬಸ್ ಚಾರ್ಜು ಸಮೇತ.
ಹುಳದ ಗುಂಪಿಗೆ ಅವರ ಭಾಷೆಯಲ್ಲಿ ಕುಟುಂಬ ಅಂತ ಹೆಸರು.
ಹಾಗಾಗಿ ನನ್ನ ಸರ್ಟಿಫಿಕೇಟಿನಲ್ಲಿ ಬರೆದಿದೆ:
ಶ್ರೀ ಟಿ. ಎನ್. ಪಳಂಗಪ್ಪ, ಅಯ್ಯಂಗೇರಿ,
ಕುಟುಂಬ ನಿರ್ವಹಣೆಯಲ್ಲಿ ತರಬೇತಿ ಹೊಂದಿರುತ್ತಾರೆ.
ಲ್ಯಾಮಿನೇಶನ್ ಮಾಡಿಸಿ ಗೋಡೆಗೆ ಹೊಡೆದಾಗ
ಜಲಜಾಕ್ಷಿ ಏಳು ತಿಂಗಳ ಬಸುರಿ.
ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮಡಿಕೇರಿ ಆಸ್ಪತ್ರೆಯಲ್ಲಿ ಮಗುವನ್ನು
ಹಳೇ ಪಂಚೆಯಲ್ಲಿ ಸುತ್ತಿ ಕೈಗಿಟ್ಟರು.
ಎರಡು ಕಡೆ ಸಹಿ. ಅಷ್ಟೆ.
ಇಡುವುದು ಎಲ್ಲಿ, ಮುಖ ಯಾವ ದಿಕ್ಕಿಗೆ,
ಮಳೆಗಾಲದಲ್ಲಿ ಸಕ್ಕರೆ ಪಾಕ ಎಷ್ಟು,
ಇರುವೆ ಹತ್ತದ ಹಾಗೆ ಕಾಲಡಿ ನೀರಿನ ತಟ್ಟೆ ಇಡಬೇಕೋ ಬೇಡವೋ,
ಒಬ್ಬರೂ ಹೇಳಲಿಲ್ಲ.
ನರ್ಸ್ ಅಂದಳು: ತಲೆ ಹಿಡ್ಕೊಳ್ಳಿ, ತಲೆ.
ಅದೇ ನನ್ನ ಪೂರ್ತಿ ಪಠ್ಯ.

ಎರಡನೇ ತಿಂಗಳು ರಾತ್ರಿಯ ಅಳು ಶುರುವಾಯಿತು.
ಬಜೆ ತೇದೆವು. ಓಮದ ನೀರು. ದೇವಕಿ ದೊಡ್ಡವ್ವ ಬಂದು
ದೃಷ್ಟಿ ತೆಗೆದು, ಮೆಣಸಿನ ಘಾಟಿಗೆ ತಾನೇ ಕೆಮ್ಮುತ್ತ ಹೋದಳು.
ಕೊನೆಗೊಂದು ರಾತ್ರಿ ಎಲ್ಲಿಗೆ ಹೋಗಲಿ ತಿಳಿಯದೆ
ಕಂಬಳಿಯಲ್ಲಿ ಸುತ್ತಿಕೊಂಡು ಕಾಫಿ ಗಿಡಗಳ ನಡುವೆ ನಡೆದೆ,
ಸುಸ್ತಾಗಿ ಐದನೇ ಪೆಟ್ಟಿಗೆಗೆ ಒರಗಿದೆ.
ಒಳಗೆ ಹುಳಗಳು ರೆಕ್ಕೆ ಬೀಸಿ ತುಪ್ಪ ಒಣಗಿಸುವ ಸದ್ದು,
ಹ್ಞೂಂ ಅಂತ, ದೂರದಲ್ಲಿ ಯಾರೋ ಒಪ್ಪಿಕೊಂಡ ಹಾಗೆ.
ಅಳು ನಿಂತಿತು.
ಆಮೇಲೆ ಮಳೆ ಹಿಡಿಯುವ ತನಕ ದಿನಾ ರಾತ್ರಿ ನಮ್ಮ ಸವಾರಿ ಅಲ್ಲಿಗೆ.
ಇದು ಯಾವ ಪುಸ್ತಕದಲ್ಲೂ ಇಲ್ಲ. ಇದ್ದಿದ್ದರೆ
ಬರೆದವನನ್ನು ಹುಚ್ಚ ಅನ್ನುತ್ತಿದ್ದರು.

ಸಾಹೇಬರು ಹೇಳಿದ್ದರು: ಚೌಕಟ್ಟು ಎತ್ತುವಾಗ ಕೈ ನಿಧಾನ.
ಉಸಿರು ಹುಳದ ಮೇಲೆ ಬೀಳಬಾರದು.
ಸಿಟ್ಟನ್ನು ಮನೆಯಲ್ಲಿ ಬಿಟ್ಟು ಬನ್ನಿ.
ಬಿಟ್ಟೆ. ಎಷ್ಟೋ ವರ್ಷ ಸಿಟ್ಟನ್ನು ಮನೆಯಲ್ಲೇ ಬಿಟ್ಟು ಹೋದೆ.
ಮನೆಯಲ್ಲಿ ಇದ್ದವಳು ಪ್ರೇಕ್ಷಾ.
ಎರಡನೇ ಕ್ಲಾಸು. ಮಗ್ಗಿ ಬರಲಿಲ್ಲ ಅಂತಲ್ಲ,
ಬರುತ್ತದೆ ಅಂತ ಸುಳ್ಳು ಹೇಳಿದಳು ಅಂತ.
ಕೆನ್ನೆ ಅಷ್ಟು ಚಿಕ್ಕದು ಅಂತ
ಹೊಡೆದ ಮೇಲೆ ಗೊತ್ತಾಯಿತು.

ಎರಡು ದಿನ ಮಾತಿಲ್ಲ. ಮೂರನೇ ದಿನ ಸಂಜೆ
ಐದನೇ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು
ಏನೋ ಪಿಸುಗುಡುತ್ತಿದ್ದಳು. ನಾನು ಹಲಸಿನ ಮರೆಯಲ್ಲಿ.
ಪೂರ್ತಿ ಕೇಳಿಸಲಿಲ್ಲ. ಕೇಳಿಸಿದ್ದು ಇಷ್ಟು:
ಅಪ್ಪಂಗೆ ಹೇಳ್ಬೇಡಿ.

ಜಲಜಾಕ್ಷಿ ನಾಪೋಕ್ಲುವಿಗೆ ಸಂಘದ ಸಭೆಗೆ ಹೋದ ದಿನವೇ ಅದಾಗಬೇಕೆ.
ಬಚ್ಚಲ ಬಾಗಿಲ ಒಳಗಿಂದ: ಅಪ್ಪ, ಅಂಗಡಿಗೆ ಹೋಗು.
ಯಾವುದು ಕೇಳಬೇಕು ತಿಳಿಯದೆ ಮೂರು ಬಗೆಯದು ತಂದೆ,
ಪೇಪರಿನಲ್ಲಿ ಸುತ್ತಿಸಿ, ಜೊತೆಗೊಂದು ಕ್ರೀಮ್ ಬಿಸ್ಕೆಟ್ ಪ್ಯಾಕೆಟ್.
ಬಿಸ್ಕೆಟ್ ಯಾಕೆ ಅನ್ನುವುದಕ್ಕೆ ಇವತ್ತಿಗೂ ಉತ್ತರವಿಲ್ಲ.
ಬಾಗಿಲು ಇಷ್ಟೇ ತೆರೆದು ಒಂದು ಕೈ ಬಂತು, ಪೊಟ್ಟಣ ಒಳಗೆ ಹೋಯಿತು.
ಸ್ವಲ್ಪ ಹೊತ್ತಿಗೆ ಬಿಸ್ಕೆಟ್ ಕಡಿಯುವ ಸದ್ದು.
ನಾನು ಹೊಸ್ತಿಲಾಚೆ ಕೂತೇ ಇದ್ದೆ,
ಗೂಡಿನ ಬಾಯಲ್ಲಿ ಕಾವಲು ಹುಳದ ಹಾಗೆ.

ಈ ವರ್ಷ ಲೆಕ್ಕ ಬರೆಯಲು ಬಂದಿದ್ದರು. ಕೊಟ್ಟ ಪೆಟ್ಟಿಗೆ ಹನ್ನೊಂದು,
ಉಳಿದ ಕುಟುಂಬ ನಾಲ್ಕು.
ತರಬೇತಿ ಆಗಿದೆಯಲ್ಲ, ಮತ್ತೆ ಹೇಗೆ ಹೋದವು?
ಗೊತ್ತಿಲ್ಲ ಸಾರ್. ಒಂದು ಬೆಳಿಗ್ಗೆ ನೋಡಿದರೆ ಇರುವುದಿಲ್ಲ.

ಮೊನ್ನೆ ನನ್ನ ಕಣ್ಣ ರೆಪ್ಪೆಗೇ ಹೊಡೆಯಿತು ಒಂದು.
ಓಡಿ ಬಂದಳು. ಚಿವುಟಿ ಎಳೆಯಲಿಲ್ಲ,
ಉಗುರಂಚಿನಿಂದ ಓರೆಯಾಗಿ ಕೆರೆದು ಮುಳ್ಳು ತೆಗೆದಳು.
ಕೈ ನಿಧಾನ. ಉಸಿರು ಪಕ್ಕಕ್ಕೆ.
ಇದು ಎರಡನೇ ದಿನದ ಪಾಠ, ಮಧ್ಯಾಹ್ನದ್ದು.
ಕಲಿಸಿದ ನೆನಪು ನನಗಿಲ್ಲ.
ಯಾರು ಹೇಳಿಕೊಟ್ಟದ್ದು, ಅಂದೆ.
ಯಾರೂ ಇಲ್ಲ, ನಿನ್ನನ್ನೇ ನೋಡ್ತಿದ್ನಲ್ಲ, ಅಂದಳು.

ಊದುತ್ತಿದ್ದ ಕಣ್ಣು ಮುಚ್ಚಿ
ಇನ್ನೊಂದರಲ್ಲಿ ಅವಳ ಮುಖ ನೋಡಿದೆ.
ಇಷ್ಟು ವರ್ಷ ನೋಡುತ್ತಿದ್ದಳು.
ಹಾಗಾದರೆ, ಎಲ್ಲವನ್ನೂ.