ಹ. ಖಾರ

ಕೊಬ್ಬರಿ ಮಂಡಿಯ ಎದುರು ನಮ್ಮದು ಸಣ್ಣ ಅಂಗಡಿ.
ಗೋಬಿ ಗಾಡಿಯ ಹುಡುಗರ ದೆಸೆಯಿಂದ
ಸೋಯಾ ಸಾಸು, ವಿನೆಗರು, ಓದಲಾಗದ ಅಕ್ಷರದ ಮೆಣಸಿನ ಗೊಜ್ಜು
ಒಂದು ಸಾಲು ಬಂದು ಕೂತಿವೆ, ನೆಂಟರ ಹಾಗೆ.
ಪಕ್ಕದಲ್ಲಿ ತೆಂಗಿನ ಹಾಲಿನ ಡಬ್ಬಿ, ಥಾಯ್ಲೆಂಡಿನದು.
ಹಡಗು ಹತ್ತಿ, ಲಾರಿ ಹತ್ತಿ,
ಅರಸೀಕೆರೆಗೇ ಬಂತಲ್ಲಕ್ಕ ಮಾರಾಟಕ್ಕೆ, ಅಂತ
ಹಮಾಲಿ ಪರಮೇಶಿ ಅದನ್ನು ಕಿವಿಗೆ ಹಿಡಿದು
ಅಲ್ಲಾಡಿಸಿ ನೋಡುತ್ತಾನೆ,
ಗಿಟುಕೋ, ಎಳನೀರೋ.

ಮೈನಾವ್‌ಶ್ರೀ ಬಂದದ್ದು ಸಂಕ್ರಾಂತಿ ಕಳೆದ ಮೇಲೆ.
ಗಂಡನಿಗೆ ರೈಲ್ವೆಯಲ್ಲಿ ಸಿಗ್ನಲ್ಲಿನ ಕೆಲಸ,
ಊರು ಬ್ರಹ್ಮಪುತ್ರದ ಆಚೆ ದಡ.
"ದೀದಿ, ಖಾರ್ ಹೈ?"
ಇಲ್ಲದೆ ಏನಮ್ಮ!
ಬ್ಯಾಡಗಿ ಪುಡಿ ಕಾಲು ಕೆಜಿ ಕಟ್ಟಿಕೊಟ್ಟೆ.
ಮಾರನೆ ದಿನ ಪೊಟ್ಟಣ ವಾಪಸ್ಸು, ದಾರ ಬಿಚ್ಚಿಲ್ಲ.
ಬ್ಯಾಡಗಿ ಸಪ್ಪೆಯಾಯಿತೇನೋ ಅಂತ ಗುಂಟೂರು ಕೊಟ್ಟೆ.
ಅದೂ ವಾಪಸ್ಸು.

ಮೂರನೆ ದಿನ ಮಾತು ಬಿಟ್ಟು ಕೈಯಲ್ಲೇ ಹೇಳಿದಳು.
ಬಾಳೆಗೊನೆ ತೋರಿಸಿದಳು, ಸುಲಿದ ಹಾಗೆ ಮಾಡಿದಳು.
ಸಿಪ್ಪೆ. ಬಿಸಿಲು. ಬೆಂಕಿ. ಬೂದಿ. ನೀರು.
ಬೆರಳ ತುದಿಯಿಂದ ತೊಟ್ಟು, ತೊಟ್ಟು, ತೊಟ್ಟು.
ಬೂದಿ ಯಾರಾದರೂ ತಿನ್ನುತ್ತಾರಾ, ಅಂದೆ, ನನ್ನ ಹರಕು ಹಿಂದಿಯಲ್ಲಿ.
ನಕ್ಕಳು.
ನನ್ನ ಹಣೆಯ ವಿಭೂತಿ ತೋರಿಸಿದಳು.

ರಾತ್ರಿ ಶಟರು ಎಳೆಯುವಾಗ ಕಣ್ಣಿಗೆ ಬಿತ್ತು,
ಕೆಳಗಿನ ಸಾಲಿನ ಡ್ರಾಯರು, ಸೀಮೆಸುಣ್ಣದಲ್ಲಿ ಅತ್ತೆ ಚೆನ್ನಾಜಮ್ಮನ ಕೈಬರಹ:
ಹ. ಖಾರ.
ಹಪ್ಪಳದ ಖಾರ.
ಇಪ್ಪತ್ತೆರಡು ವರ್ಷ ತೂಗಿ ಕೊಟ್ಟಿದ್ದೇನೆ,
ಒಂದು ದಿನ ನಾಲಿಗೆಗೆ ಮುಟ್ಟಿಸಿದ್ದರೆ ಕೇಳಿ.
ಚಿಟಿಕೆ ಇಟ್ಟುಕೊಂಡೆ. ಮೆಣಸಿನಕಾಯಿಯ ಸುಳಿವೇ ಇಲ್ಲ.
ಉಪ್ಪು ಅನ್ನಲಾರೆ, ಕಹಿ ಅನ್ನಲಾರೆ,
ಸೋಪಿನ ನುಣುಪು,
ಅಗಸರ ಕಟ್ಟೆಯ ಚೌಳು ಮಣ್ಣಿನ ನೆನಪು.
ಹಾಗಾದರೆ ಮೊದಲು ಖಾರ ಅಂದರೆ ಇದೇನಾ?
ಮೆಣಸಿನಕಾಯಿ ಆಮೇಲೆ ಬಂದು
ಹೆಸರು ಕಿತ್ತುಕೊಂಡು ಮೇಲಿನ ಸಾಲಿಗೆ ಹತ್ತಿತಾ?
ಹಳೇ ಖಾರ ಮಾತಾಡದೆ
ಕೆಳಗಿನ ಡ್ರಾಯರಿಗೆ ಇಳಿಯಿತಾ?

ಬೆಳಿಗ್ಗೆ ಕೊಟ್ಟೆ. ನೆಕ್ಕಿ ನೋಡಿ ತಲೆ ಆಡಿಸಿದಳು.
ಇದಲ್ಲ. ಇದರ ದಾಯಾದಿ ಇರಬಹುದು.

ಆಮೇಲೆ ಅವಳೇ ಸುಟ್ಟಳು.
ಎರಡನೇ ಪ್ಲಾಟ್‌ಫಾರಮ್ಮಿನ ಹಣ್ಣಿನವನು ಎಸೆದ ಪುಟ್ಟಬಾಳೆ ಸಿಪ್ಪೆ
ಕ್ವಾರ್ಟರ್ಸಿನ ತಾರಸಿಯಲ್ಲಿ ಒಣಗಿ ಕಪ್ಪಾಯಿತು.
ಅವರ ಕಡೆ ಬೀಜದ ಬಾಳೆಯಂತೆ,
ನಮ್ಮದಕ್ಕೆ ಆ ಕಸುವಿಲ್ಲವಂತೆ.
ಸೋಸಲು ತೆಂಗಿನ ಕರಟ ಬೇಕು, ತಳದಲ್ಲಿ ತೂತಿರಬೇಕು ಅಂದಳು.
ಕರಟ!
ಪರಮೇಶಿ ಅರ್ಧ ಚೀಲ ತಂದು ಸುರಿದ,
ಕಣ್ಣಿರುವ ಹೋಳುಗಳನ್ನೇ ಆರಿಸಿ.
ಈ ಊರು ಲೆಕ್ಕ ಇಡದೆ ಕೊಡುವ ಒಂದೇ ವಸ್ತು ಅದು.

ಪರಂಗಿಕಾಯಿಗೆ ಆ ನೀರು ಹಾಕಿ ಬೇಯಿಸಿ ತಂದಳು, ಸ್ಟೀಲು ಡಬ್ಬಿಯಲ್ಲಿ.
ಮೀನು ಹಾಕಿಲ್ಲ ದೀದಿ, ಅಂತ ಮೂರು ಸಲ ಹೇಳಿದಳು.
ಚೆನ್ನಾಗಿದೆ ಅಂದೆ. ಚೆನ್ನಾಗಿರಲಿಲ್ಲ.
ಒಲೆ ಆರಿದ ಮೇಲಿನ ಅಡುಗೆಮನೆಯನ್ನು
ಬಾಯಲ್ಲಿ ಇಟ್ಟುಕೊಂಡ ಹಾಗೆ.
ಮಧ್ಯಾಹ್ನ ಮುದ್ದೆಯ ಜೊತೆ ಉಳಿದದ್ದೆಲ್ಲ ಖಾಲಿ.
ಯಾಕೆ ಅಂತ ಕೇಳಬೇಡಿ,
ಡಬ್ಬಿ ತೊಳೆದು ಕೊಡಬೇಕಿತ್ತು.
ಬರೀ ಡಬ್ಬಿ ಕೊಡಬಾರದು ಅಂತ
ಹುಚ್ಚೆಳ್ಳು ಚಟ್ನಿಪುಡಿ ತುಂಬಿಟ್ಟೆ.
ಅವಳಿಗೆ ಹಿಡಿಸಿತೋ ಇಲ್ಲವೋ,
ಚೆನ್ನಾಗಿದೆ ಅಂದಳು.

ಈಗ ಸೋಯಾ ಸಾಸಿನ ಮಗ್ಗುಲಲ್ಲಿ ಒಂದು ಬಾಟಲಿ,
ಒಳಗೆ ಟೀ ಬಣ್ಣದ ನೀರು. ಬೆಲೆ ಬರೆದಿಲ್ಲ.
ಕೇಳಿದವರಿಗೆ ಏನು ಹೇಳಬೇಕೋ ಇನ್ನೂ ಗೊತ್ತಾಗಿಲ್ಲ.
ಡ್ರಾಯರಿನ ಅಕ್ಷರ ಮಾಸಿತ್ತು,
ಅತ್ತೆಯ ಗೆರೆಯ ಮೇಲೇ ತಿದ್ದಿದೆ.

ನಿನ್ನೆ ಗಾಣದ ಮನೆಯ ಹುಡುಗಿ ಬಂದು
ನೂರು ಗ್ರಾಂ ಖಾರ, ಅಂದಳು.
ಪುಡಿ ಡಬ್ಬಕ್ಕೆ ಹೋದ ಕೈ ಅಲ್ಲೇ ನಿಂತಿತು.
"ಯಾವುದು?" ಅಂದೆ.
ಹುಡುಗಿ ನನ್ನ ಮುಖ ನೋಡಿದಳು,
ಮನೆಯಲ್ಲಿ ಕೇಳಿಕೊಂಡು ಬರ್ತೀನಿ ಅಂತ
ಚಿಲ್ಲರೆ ಮುಷ್ಟಿಯಲ್ಲೇ ಹಿಡಿದು ಓಡಿದಳು.