ಸತ್ತ ಕಾಳು ಕೆಂಪಾಗುವುದಿಲ್ಲ

ತಪಸ್ಸುಕಾಲದ ಐದನೆಯ ಭಾನುವಾರ.
ಹಿಂದಿನ ಬೆಂಚಿನಲ್ಲಿ ಕೂತವಳ ಕಿವಿಗೆ ಮತ್ತದೇ ಮಾತು:
ಕಾಳು ಸಾಯಬೇಕು, ಸತ್ತರೇ ತೆನೆ.

ಹದಿನೇಳು ವರ್ಷದಿಂದ ಧಾರವಾಡದ ಬೀಜ ಪರೀಕ್ಷೆಯ ಕೋಣೆಯಲ್ಲಿ
ಒದ್ದೆ ಕಾಗದದ ಮೇಲೆ ನೂರು ನೂರು ಎಣಿಸಿಟ್ಟವಳು ನಾನು.
ಸತ್ತ ಕಾಳಿಗೆ ಬೂಸರು ಹಿಡಿಯುತ್ತದೆ.
ಒತ್ತಿದರೆ ಬೆಳ್ಳಗೆ ಕೊಳೆ ಒಸರುತ್ತದೆ, ನಾರುತ್ತದೆ.
ತೆನೆಯ ಮಾತು ದೂರ.

ಪೂಜೆ ಮುಗಿದದ್ದೇ ಬಾಗಿಲಲ್ಲಿ ತಡೆದು ಹೇಳಿದೆ:
"ಸ್ವಾಮಿ, ಸತ್ತದ್ದು ಮೊಳಕಿ ಒಡಿಯೂದಿಲ್ರಿ."
ಇನ್ನಾಸಪ್ಪ ಸ್ವಾಮಿಗಳು ಕನ್ನಡಕ ಒರೆಸಿಕೊಂಡರು, ಮಾತಾಡಲಿಲ್ಲ.
ಚಪ್ಪಲಿ ಹುಡುಕುತ್ತಿದ್ದ ಕೊರ್ನೇಲಿಬಾಯಿ
"ಪೂಜಿ ಆದಮ್ಯಾಲೂ ಲ್ಯಾಬೇನ ನಿಂದು?" ಅಂದಳು.

ಬುಧವಾರ ಸ್ವಾಮಿಗಳೇ ಬಂದರು, ಕೈಯಲ್ಲಿ ಪೇಢೆಯ ಡಬ್ಬಿ.
ತಪಸ್ಸಿನಾಗ ಪೇಢೆ ಏನ್ರಿ ಅಂತ ನಗಬೇಕು, ಅಷ್ಟರಲ್ಲಿ
ಗಂಟು ಬಿಚ್ಚಿದರು. ಜವೆಗೋಧಿ, ಹನ್ನೊಂದು ಕಾಳು.
ಅಣ್ಣಿಗೇರಿಯ ಎರೆಹೊಲದ್ದು,
ಗುರುದೀಕ್ಷೆಯ ದಿನ ಅವ್ವ ಸೆರಗಿನಿಂದ ಬಿಚ್ಚಿ ಕೊಟ್ಟದ್ದು,
ನಲವತ್ತೊಂದು ವರ್ಷದ ಹಿಂದೆ.
"ಹನ್ನೆರಡಿದ್ದವು. ಒಂದು ಯೂದನಂಗ ಹೋತು, ಇಲಿ ಜೊತಿ.
ಇವು ಇನ್ನೂ ಜೀವ ಅದಾವೇನು, ನೋಡಿ ಹೇಳು."

ರಾತ್ರಿಯೆಲ್ಲ ನೆನೆಹಾಕಿದೆ.
ಬೆಳಿಗ್ಗೆ ಗರ್ಭದ ನಡುವೆ ಬ್ಲೇಡು ಹಾಯಿಸಿ ಸೀಳಿದೆ.
ಟೆಟ್ರಜೋಲಿಯಂ ಬೆರೆಸಿದ ನೀರಿಗೆ ಬಣ್ಣವಿಲ್ಲ;
ಕಾಳು ಉಸಿರಾಡಿದರೆ ಆ ಉಸಿರೇ ಅದನ್ನು ಕೆಂಪು ಮಾಡುತ್ತದೆ.
ಬೆಳಕು ತಾಗಬಾರದು. ಮೂರು ತಾಸು ಕತ್ತಲು ಬೇಕು.
ಪಕ್ಕದ ಬಟ್ಟಲಲ್ಲಿ ಈ ವರ್ಷದ ಗೋಧಿ, ತಾಳೆ ನೋಡಲಿಕ್ಕೆ.

ಮತ್ತೆ ಬಂದಿದ್ದ ಸ್ವಾಮಿಗಳು ಸ್ಟೂಲಿನ ಮೇಲೆ ಕೂತು ಜಪಸರ ತೆಗೆದರು.
ನಾನು ಹತ್ತಿಬೀಜದ ಲೆಕ್ಕ ತೆಗೆದೆ.
ಫ್ಯಾನಿನ ಸದ್ದಿನ ಕೆಳಗೆ
ಇಬ್ಬರೂ ಎಣಿಸುತ್ತಲೇ ಇದ್ದೆವು.

ಮುಚ್ಚಳ ತೆಗೆದಾಗ ಹೊಸ ಗೋಧಿಯ ಗರ್ಭದಲ್ಲಿ
ಎಳೆಗೂಸಿನ ಒಸಡಿನ ಕೆಂಪು.
ಅವ್ವನ ಗೋಧಿ, ಇಪ್ಪತ್ತೆರಡು ಹೋಳು,
ಬಳಪದ ಪುಡಿಯಂತೆ ಬಿಳಿ.

ಪೆನ್ನು ಹಿಡಿದ ಕೈ ನಿಂತಿತು.
"ಇದೊಂದರ ಅಂಚಿಗೆ ಸ್ವಲ್ಪ ಗುಲಾಬಿ ಕಂಡಂಗ ಆಗ್ತದರಿ..."
ಅಂದೆ. ಸುಳ್ಳು.
ಅವರು ಭೂತಗನ್ನಡಿಗೆ ಕಣ್ಣಿಟ್ಟು ಬಹಳ ಹೊತ್ತು ಬಾಗಿಯೇ ಇದ್ದರು.
ಎದ್ದಾಗ ಕಣ್ಣು ತೇವ, ದನಿ ಒಣ:
"ಇಲ್ಲವಾ. ಸೊನ್ನಿ ಬರಿ.
ದೇವರಿಗೆ ನಮ್ಮ ಸುಳ್ಳಿನ ಊರುಗೋಲು ಬ್ಯಾಡ."

ಬರೆದೆ. ಸೊನ್ನೆ.

ಆಮೇಲೆ ಎಂಟು ದಿನದ ಕಾಗದ ಬಿಡಿಸಿ
ಗೇಣುದ್ದದ ಒಂದು ಸಸಿ ಎತ್ತಿ,
ಬುಡಕ್ಕೆ ಅಂಟಿದ ಕಾಳನ್ನು ಬೆರಳಲ್ಲಿ ಒತ್ತಿ ನೋಡಿದರು.
ಬರೀ ತೊಗಟೆ.
"ಒಳಗಿನ ಹಿಟ್ಟು ಎಲ್ಲಿ ಹೋತು?"
"ಸಸಿಗೆ ಹೋತ್ರಿ. ತನ್ನನ್ನ ತಾನ ಕರಗಿಸಿ ಕೊಡ್ತದ."
"ಹೂಂ," ಅಂದರು. ಅಷ್ಟೇ.
ಗೆದ್ದವರ ಹೂಂ ಅಲ್ಲ ಅದು.

ನನ್ನ ರಿಜಿಸ್ಟರಿನಲ್ಲಿ ಐದು ಕಾಲಮ್ಮು:
ಸರಿ ಸಸಿ, ಊನ ಸಸಿ, ಗಟ್ಟಿ ಬೀಜ, ಮಲಗಿದ ಬೀಜ, ಸತ್ತದ್ದು.
ಕರಗಿ ಮುಗಿದದ್ದಕ್ಕೆ ಕಾಲಮ್ಮಿಲ್ಲ.
ಅದು ರಿಜಿಸ್ಟರಿನ ತಪ್ಪಲ್ಲ.
ಶುಭಸಂದೇಶದಲ್ಲಿ ಮೊಳಕೆಯ ಶೇಕಡಾ ಹುಡುಕಿದವಳು ನಾನು;
ಅದು ಶುಭಸಂದೇಶದ ತಪ್ಪೂ ಅಲ್ಲ.

ಹೋಗುವಾಗ ಅಷ್ಟೂ ಹೋಳು ಡಬ್ಬಿಗೆ ತುಂಬಿಕೊಂಡರು.
ಸುಡುವ ನಿಯಮವಿದೆ ಎಂದು ನಾನೂ ಹೇಳಲಿಲ್ಲ.

ಗರಿಗಳ ಭಾನುವಾರ ಅಂಗೈ ಚಾಚಿ ನಿಂತೆ.
ಬೆರಳ ತುದಿಯ ಕೆಂಪು ಎರಡು ಸೋಪಿಗೂ ಹೋಗಿರಲಿಲ್ಲ.
ಸ್ವಾಮಿಗಳು ಅದನ್ನು ನೋಡಿದರು,
ನೋಡಿಯೇ ಪ್ರಸಾದ ಇಟ್ಟರು.
ಆಮೆನ್ ಅಂದೆ.
ನಾಲಿಗೆಯ ಮೇಲೆ ಅದು ಸದ್ದಿಲ್ಲದೆ ಕರಗುತ್ತ ಹೋಯಿತು.

ಬೆಂಚಿಗೆ ಬಂದಾಗ ಕೊರ್ನೇಲಿಬಾಯಿ ಪಿಸುಗುಟ್ಟಿದಳು:
"ಕೈಗೇನ ಹತ್ತೇತಿ?"

"ಉಸಿರು," ಅಂದೆ.