ಒಳಜೇಬು

ಬಂದರಿನ ಬೀದಿಯಲ್ಲಿ, ಒಣಮೀನಿನ ಮಂಡಿಯ ಮೇಲೆ
ಹದಿನೇಳು ಮೆಟ್ಟಿಲು ಹತ್ತಿದರೆ ನನ್ನ ಹೊಲಿಗೆ ಮೆಷಿನು.
ರವಿಕೆ ಹೊಲಿಯುವವರು ಮಂಗಳೂರಿನಲ್ಲಿ ಬೇಕಾದಷ್ಟು ಉಂಟು.
ನನ್ನ ಬಳಿ ಬರುವವರು ಕೇಳುವುದು ಬೇರೆ,
ಬಾಗಿಲು ಮುಂದೆ ಮಾಡಿ, ದನಿ ಇಳಿಸಿ:
‘ಗುಲಾಬಿಯಕ್ಕ, ಒಂದು ಒಳಜೇಬು ಆಗಬೇಕಿತ್ತು.’

ಪಾಸ್‌ಪೋರ್ಟ್ ಇಲ್ಲದವಳು ನಾನು.
ಬಜ್ಪೆಯ ವಿಮಾನದ ಹೊಟ್ಟೆ ಬಿಟ್ಟರೆ ಬೆನ್ನು ನೋಡಿದವಳಲ್ಲ.
ಆದರೆ ದೇಶಗಳ ಅಳತೆ ನನ್ನ ಟೇಪಿನಲ್ಲಿದೆ:
ಡಾಲರು ಒಂದಾದರೂ ನೂರಾದರೂ ಅಷ್ಟೇ ಉದ್ದ,
ಯೂರೋ ಬೆಲೆ ಏರಿದಂತೆ ಮೈ ಬೆಳೆಸುತ್ತದೆ,
ಸಿಂಗಾಪುರದ್ದು ಪ್ಲಾಸ್ಟಿಕ್ಕು, ನಡೆದರೆ ಸದ್ದು ಮಾಡುತ್ತದೆ,
ಅದಕ್ಕೆ ಒಳಗೊಂದು ಮಲ್ ಬಟ್ಟೆಯ ಪದರ ಬೇಕು.
ಕುವೈತಿನ ದಿನಾರಿಗೆ ಎರಡು ಸಾಲು ಹೊಲಿಗೆ,
ನಾಲ್ಕೇ ನೋಟಾದರೂ.

ಹಡಗಿನ ಅಡುಗೆಯ ಲೋಹಿತಾಕ್ಷ ಪುತ್ರನ್
ನಾಚುತ್ತ ಕೊಟ್ಟದ್ದು ಚಡ್ಡಿ,
ನಾಚದೆ ಕೇಳಿದ್ದು ಜಿಪ್ಪು.

‘ಕಾರ್ಡುಂಟಲ್ಲ, ಜೇಬು ಯಾಕೆ’ ಎಂದು ನಕ್ಕವಳು
ಫ್ಲೋರಿನ್ ಬಾಯಿಯ ಕಿರಿಮಗಳು.
ತಾಯಿಯ ಕಾಟಕ್ಕೆ ಹೊಲಿಸಿಕೊಂಡು ಹೋದಳು.
ಲಿಸ್ಬನ್ನಿನ ಗೋಡೆಯೊಂದು ಕಾರ್ಡು ನುಂಗಿ
ಬಾಯಿ ಮುಚ್ಚಿದ ರಾತ್ರಿ
ನನ್ನ ನೂಲನ್ನು ಹಲ್ಲಿನಲ್ಲಿ ಕಚ್ಚಿ ಬಿಚ್ಚಿದಳಂತೆ.

ಬೆಂಗ್ರೆಯ ಅವ್ವಮ್ಮ ದೋಣಿ ದಾಟಿ ಬಂದಳು,
ಉಮ್ರಾಕ್ಕೆ ಹೊರಟವಳು.
ನಲವತ್ತು ವರ್ಷ ಬೀಡಿ ಕಟ್ಟಿದ ಬೆರಳು;
ನೋಟು ಎಣಿಸಿದರೂ ಎಲೆ ಎಣಿಸಿದ ಹಾಗೆ,
ಹರಿದದ್ದು ಬೇರೆ, ಬಾಡಿದ್ದು ಬೇರೆ.
ಆರುನೂರು ರಿಯಾಲು.
ಲಂಗದ ಪಟ್ಟಿಯೊಳಗೆ ಮಲಗಿಸಿ
ಕೊನೆಗೆ ಮೂರು ಗಂಟು ಹಾಕಿದೆ.

ಹದಿನೈದು ದಿನ ಕಳೆದು ಬಂದಾಗ
ಮೂರು ಗಂಟೂ ಹಾಗೆಯೇ.
ನಾನೇ ಬಿಚ್ಚಿದೆ. ನೋಟುಗಳಿಗೆ ಅವಳ ಮೈಯ ಬಿಸಿ.
‘ಒಂದು ಚಾ ಕೂಡ ಕುಡಿಯಲಿಲ್ಲವಾ?’

‘ಎಂತ ಕುಡಿಯುವುದು ಮಾರಾಯ್ತಿ?
ಒಂದು ರಿಯಾಲೆಂದರೆ ನಾಲ್ಕು ಕಟ್ಟು ಬೀಡಿ.
ಚಾಕ್ಕೆ ಎರಡು ರಿಯಾಲು.
ಎಂಟು ಕಟ್ಟು, ಇಷ್ಟು ಸಣ್ಣ ಗ್ಲಾಸಿನಲ್ಲಿ!
ಗಂಟಲಲ್ಲಿ ಇಳಿಯುತ್ತದಾ ನೀನೇ ಹೇಳು.’
ಚಪ್ಪಲಿ ಕಳೆದು ಒಂದು ಜೊತೆ ಕೊಂಡದ್ದು ಮಾತ್ರ ಖರ್ಚು,
ಅದೂ ಕೈಯಲ್ಲಿದ್ದ ಬಿಡಿ ನೋಟಿನಲ್ಲಿ.

ಹಂಪನಕಟ್ಟೆಯ ಕೌಂಟರಿಗೆ ಇಬ್ಬರೂ ಹೋದೆವು.
ಹುಡುಗ ನೋಟನ್ನು ದೀಪಕ್ಕೆ ಹಿಡಿದ, ಮೆಷಿನಿಗೆ ಹಾಕಿದ,
ರೂಪಾಯಿ ಎಣಿಸಿ ಕೊಟ್ಟ.
ಅವ್ವಮ್ಮ ಎಣಿಸಿದಳು. ಮತ್ತೆ ಎಣಿಸಿದಳು.
‘ನಾನು ಕೊಟ್ಟದ್ದು ಇದಕ್ಕಿಂತ ಹೆಚ್ಚು.
ಎಲ್ಲಿಗೂ ಹೋಗದೆ ನನ್ನ ಸೊಂಟದಲ್ಲೇ ಮಲಗಿದ್ದ ದುಡ್ಡು
ಬಡಕಲಾದದ್ದು ಹೇಗೆ ಮಗಾ?’

ಹುಡುಗ ಪೆನ್ನಿನಿಂದ ಬೋರ್ಡು ತೋರಿಸಿದ.
ಕೊಳ್ಳುವ ದರ, ಮಾರುವ ದರ.
ಅವಳಿಗೆ ಓದು ಬಾರದು. ನಾನು ಹೇಳಿದೆ:
‘ಹೋಗುವಾಗ ಒಂದು ಕತ್ತರಿ, ಬರುವಾಗ ಒಂದು ಕತ್ತರಿ.
ಬಟ್ಟೆ ನಿನ್ನದೇ.
ಚೂರು ಬೀಳುವುದು ಅಂಗಡಿಯ ನೆಲಕ್ಕೆ.’

ಅವ್ವಮ್ಮ ಬೆರಳು ಮಡಚಿದಳು, ಬಿಡಿಸಿದಳು,
ಕಟ್ಟಿನ ಲೆಕ್ಕದಲ್ಲೋ ಗ್ಲಾಸಿನ ಲೆಕ್ಕದಲ್ಲೋ.
‘ಹಾಗಾದರೆ,’ ಎಂದಳು ಬಹಳ ಹೊತ್ತಿನ ಮೇಲೆ,
‘ದಿನಾ ಎರಡು ಚಾ ಕುಡಿಯಬಹುದಿತ್ತು.’

ಚಪ್ಪಲಿಯಂಗಡಿಯ ಚಿಲ್ಲರೆಯನ್ನು ಹುಡುಗ ಮುಟ್ಟಲಿಲ್ಲ.
‘ನಾಣ್ಯ ನಾವು ತೆಗೆದುಕೊಳ್ಳುವುದಿಲ್ಲ.’
ಅವಳು ಅದನ್ನು ನನ್ನ ಅಂಗೈಗೆ ಸುರಿದು
ದೋಣಿಗೆ ಹೊತ್ತಾಯಿತೆಂದು ಹೋದಳು.

ನನ್ನ ಬಿಸ್ಕೆಟ್ ಡಬ್ಬಿಯಲ್ಲಿ ಅಂಥವು ತುಂಬ ಉಂಟು,
ಪೆನ್ಸು, ಸೆಂಟು, ಫಿಲ್ಸು, ಬೈಸಾ,
ಯಾವ ಕೌಂಟರಿಗೂ ಬೇಡವಾದವು.
ಸಂಜೆ ಕಡಲಗಾಳಿ ಕಿಟಕಿ ದೂಡಿದಾಗ
ಅಳತೆಯ ಕಾಗದ ಹಾರದಂತೆ
ನಾಲ್ಕು ಮೂಲೆಗೆ ನಾಲ್ಕು ದೇಶ ಇಟ್ಟು ಕತ್ತರಿಸುತ್ತೇನೆ.
ಅವ್ವಮ್ಮನದನ್ನು ಇಡುವುದು ಕುತ್ತಿಗೆಯ ತಿರುವಿಗೆ.
ಬಟ್ಟೆ ಹೆಚ್ಚು ಜಾರುವುದು ಅಲ್ಲಿ.